ಹೊಟ್ಟೆಗೆ ಚುಚ್ಚಿದ ಸೂಜಿ ಎಲ್ಲೆಲ್ಲಿ ಹೋಯಿತು

ಗೇಟಿನ ಚಕ್ರ ತಿರುಗಲಿಲ್ಲ. ತಪ್ಪು ಚಕ್ರದ್ದು ಎಂದುಕೊಂಡೆ.

ಬೆಳಗಿನ ಆರು ಗಂಟೆ. ಕಾಲುವೆಗೆ ನೀರು ಬಿಟ್ಟು ಎರಡು ದಿನವಾಗಿತ್ತು. ಕೆಳಗಿನ ಊರುಗಳ ರೈತರು ಆಗಲೇ ಫೋನ್ ಮಾಡಿ ನನ್ನ ಕುಲಗೋತ್ರ ವಿಚಾರಿಸತೊಡಗಿದ್ದರು. ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಇಷ್ಟೇ: ಕಾಲುವೆಯ ಗೇಟು ಏರಿಸುವುದು, ಇಳಿಸುವುದು, ನಡುವೆ ಬೈಸಿಕೊಳ್ಳುವುದು. ಚಕ್ರಕ್ಕೆ ಗ್ರೀಸ್ ಬಳಿದೆ. ಮತ್ತೆ ಹಿಡಿದೆ. ಅದರ ಹುಟ್ಟನ್ನೇ ಶಪಿಸಿದೆ. ಆಮೇಲೆ ಕೈ ನೋಡಿಕೊಂಡೆ. ಬೆರಳು ಮಡಚುತ್ತಿರಲಿಲ್ಲ. ಗೆಣ್ಣುಗಳೆಲ್ಲ ಊದಿ ಮಿಂಚುತ್ತಿದ್ದವು. ಚಕ್ರ ಸರಿಯಾಗಿಯೇ ಇತ್ತು.

ಹಿಡಕಲ್ ಡ್ಯಾಮಿನ ಹತ್ತಿರ ನಮ್ಮ ಮನೆ. ಬಂದು ಹೆಂಡತಿ ಕಸ್ತೂರಿಗೆ ತೋರಿಸಿದೆ.

"ಕೈ ಅಡ್ಡ ಹಾಕ್ಕೊಂಡು ಮಲಗೀರಿ. ಬಿಸಿನೀರಾಗ ಅದ್ದರಿ, ಹೋಗತೈತಿ," ಎಂದಳು.

ಹೋಗಲಿಲ್ಲ.

ಒಂದು ತಿಂಗಳಲ್ಲಿ ಎರಡೂ ಮಣಿಕಟ್ಟು, ಆಮೇಲೆ ಬಲ ಮೊಣಕಾಲು, ಆಮೇಲೆ ಪಾದ. ಬೆಳಿಗ್ಗೆ ಎದ್ದರೆ ಮೈ ನನ್ನದು ಅನ್ನಿಸುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲಾಗದು. ಕಡಕ್ ರೊಟ್ಟಿ ಮುರಿಯಲಾಗದು. ನಮ್ಮ ಸೀಮೆಯಲ್ಲಿ ರೊಟ್ಟಿ ಮುರಿಯಲಾಗದವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಎಡಗೈ ಅಂಗೈ ಬಿಚ್ಚಿ ನಿಲ್ಲುತ್ತಿರಲಿಲ್ಲ. ಕಸ್ತೂರಿ ಎದುರಿಗೆ ಕೂತು ನನ್ನ ಕೈಯ ಕೆಳಗೆ ತನ್ನ ಕೈ ಹಿಡಿಯುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಅದು ಅವಳಿಗೂ ತಿಳಿಯುತ್ತಿತ್ತು.

ಯಾರೋ ಒಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ಸ್ಟೀರಾಯ್ಡ್. ನುಂಗಿದ ಮರುದಿನ ಕುಣಿಯುವಂತಾದೆ. ಚೀಟಿ ಮುಗಿದ ಮೇಲೂ ಅಂಗಡಿಯಿಂದ ತಂದು ನುಂಗುತ್ತಲೇ ಇದ್ದೆ. ಮುಖ ಹೋಳಿಗೆಯಂತೆ ಉಬ್ಬಿತು. ಕಂಡವರೆಲ್ಲ "ಏನ್ರಿ, ಮೈ ತುಂಬೀರಿ, ಮನ್ಯಾಗ ಭಾಳ ಛಲೋ ಉಣ್ಣಾಕ ಹಾಕತಾರ ಕಾಣತೈತಿ" ಅನ್ನುವವರೇ. ಗುಳಿಗೆ ಒಂದು ದಿನ ತಪ್ಪಿದರೆ ಮಂಚದಿಂದ ಇಳಿಯಲು ಕಸ್ತೂರಿಯ ಹೆಗಲು ಬೇಕು.

ಕೊನೆಗೆ ಗೋಕಾಕಕ್ಕೆ ಹೋದೆವು. ಅಲ್ಲಿಗೆ ತಿಂಗಳಿಗೆ ಎರಡು ಸಲ ಬೆಳಗಾವಿಯಿಂದ ಕೀಲುರೋಗದ ಡಾಕ್ಟರ್ ಮೇಡಂ ಒಬ್ಬರು ಬರುತ್ತಾರೆ. ವಯಸ್ಸಿನಲ್ಲಿ ಸಣ್ಣವರು. ನನ್ನ ಒಂದೊಂದೇ ಗೆಣ್ಣನ್ನು ಹಿಚುಕಿ, ನನ್ನ ಮುಖ ನೋಡಿ, ಕಾಗದದ ಮೇಲೆ ಗುರುತು ಮಾಡಿಕೊಂಡರು. ರಕ್ತದ ರಿಪೋರ್ಟ್ ಬಂತು. ರುಮಟಾಯ್ಡ್ ಆರ್ಥ್ರೈಟಿಸ್.

"ನಿಮ್ಮ ಮೈ ಕಾಯೋ ಪಡೆ ಐತೆಲ್ರಿ ಕಾಕಾ, ಅದಕ್ಕ ನಿಮ್ಮ ಕೀಲುಗಳು ವೈರಿಯಂಗ ಕಾಣಾಕತ್ತಾವ. ಅದಕ ಅವನ್ನ ಕಡೀಲಿಕ್ಕ ಹತ್ತೈತಿ," ಎಂದರು.

ಮೊದಲು ಮೊಣಕಾಲಿಗೆ ಸೂಜಿ. ಹಳದಿ ನೀರನ್ನು ಹೊರಗೆಳೆದು, ಅದೇ ದಾರಿಯಲ್ಲಿ ಔಷಧ ಒಳಗೆ ಬಿಟ್ಟರು. ಮೂರನೇ ದಿನ ಮೊಣಕಾಲು ಇಳಿಯಿತು. ಆದರೆ ಮೊಣಕಾಲಿಗೆ ಹಾಕಿದ್ದು ಹೆಚ್ಚುಕಡಿಮೆ ಮೊಣಕಾಲಿನಲ್ಲೇ ಉಳಿಯುತ್ತದಂತೆ. ಬೆರಳುಗಳ ಗತಿ? ವಾರಕ್ಕೊಮ್ಮೆಯ ಗುಳಿಗೆ ಕೊಟ್ಟರು. ಐದು ತಿಂಗಳು ನೋಡಿದರು. ಸಾಲಲಿಲ್ಲ. ಆಗ ಬಯಾಲಜಿಕ್ ಎಂಬ ಸೂಜಿಯ ಮಾತೆತ್ತಿದರು. ಹದಿನೈದು ದಿನಕ್ಕೊಮ್ಮೆ, ಹೊಟ್ಟೆಯ ಚರ್ಮಕ್ಕೆ.

ನಾನು ಸುಮ್ಮನಿರುವ ಪೈಕಿ ಅಲ್ಲ. "ನೋವು ಬೆರಳಾಗ. ಹೊಟ್ಟಿಗೆ ಚುಚ್ಚಿದ್ರ ಬೆರಳಿಗೆ ಹೆಂಗ ಮುಟ್ಟತೈತ್ರಿ ಮೇಡಂ?" ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಚರ್ಮದ ಕೆಳಗ ಬಿಟ್ಟದ್ದು ಸಣ್ಣ ಸಣ್ಣ ನಾಳದಾಗ ಹಾದು, ಸಾವಕಾಶ ರಕ್ತಕ್ಕ ಸೇರತೈತ್ರಿ. ಮೂರು ನಾಕು ದಿನ ಹಿಡೀತೈತಿ. ರಕ್ತದ ಕೂಡ ಮೈಯೆಲ್ಲಾ ತಿರುಗತೈತಿ. ಬಾವು ಇದ್ದಲ್ಲಿ ರಕ್ತನಾಳ ಸೋರತಿರತಾವ, ಅಲ್ಲಿ ಹೆಚ್ಚ ಇಳೀತೈತಿ. ಕೀಲಿನಾಗ ಉರಿ ಹಚ್ಚೋ ಒಂದು ವಸ್ತು ಐತಿ, ಅದನ್ನ ಹಿಡಿದು ಕಟ್ಟಿ ಹಾಕತೈತಿ."

ನನಗೆ ಥಟ್ಟನೆ ತಿಳಿಯಿತು. ಇದು ನನ್ನದೇ ಕಸಬು. ಹಿಡಕಲ್‌ನಲ್ಲಿ ಬಿಟ್ಟ ನೀರು ಮೂಡಲಗಿ ಕಡೆಯ ಕಟ್ಟಕಡೆಯ ಹೊಲಕ್ಕೆ ಮುಟ್ಟಲು ದಿನಗಳೇ ಬೇಕು. ಅಲ್ಲಿಯತನಕ ರೈತ ಬೈಯುತ್ತಾನೆ, ನೀರು ತನ್ನ ಪಾಡಿಗೆ ನಡೆದೇ ಇರುತ್ತದೆ. ಕಬ್ಬಿಗೂ ಹೋಗುತ್ತದೆ, ಕಸಕ್ಕೂ ಹೋಗುತ್ತದೆ. ಇಲ್ಲಿ ಹೋಗು, ಅಲ್ಲಿ ಬೇಡ ಎಂದು ಇಪ್ಪತ್ತಾರು ವರ್ಷದಲ್ಲಿ ನಾನು ನೀರಿಗೆ ಹೇಳಿ ಗೆದ್ದಿಲ್ಲ.

"ಅಂದ್ರ ಬೆರಳಿಗಷ್ಟ ಹೋಗಂಗಿಲ್ಲ ಅದು?"

"ಇಲ್ರಿ. ಎಲ್ಲಾ ಕಡೆ ಹೋಗತೈತಿ. ಅದಕ ಮೊದಲ ಒಂದು ಮಾತು ಕೇಳಬೇಕು." ಅವರು ಪೆನ್ ಹಿಡಿದರು. "ಸಣ್ಣವ್ರಿದ್ದಾಗ ಮನ್ಯಾಗ ಯಾರಿಗರೆ ಟಿ.ಬಿ. ಇತ್ತೇನ್ರಿ? ಆ ಹುಳ ಮೈಯಾಗ ಹೊಕ್ಕು ವರ್ಷಾನುಗಟ್ಟಲೆ ಮಲಗಿರತೈತಿ. ಮೈ ಅದರ ಸುತ್ತ ಗ್ವಾಡಿ ಕಟ್ಟಿ ಇಟ್ಟಿರತೈತಿ. ಈ ಸೂಜಿ ಆ ಗ್ವಾಡಿ ಸಡಿಲ ಮಾಡತೈತಿ. ಅಪ್ಪಾ, ಅವ್ವಾ, ಯಾರಿಗರೆ?"

"ಇಲ್ರಿ. ಅಪ್ಪ ವಯಸ್ಸಾಗಿ ಹೋದ್ರು. ಅವ್ವಗ ಹಾವು ಕಡೀತ್ರಿ."

ಒಂದು ಕ್ಷಣವೂ ತಡವರಿಸಲಿಲ್ಲ.

ಎಕ್ಸ್‌ರೇ ಮಾಡಿದರು, ರಕ್ತ ಪರೀಕ್ಷೆ ಮಾಡಿದರು. ಎರಡೂ ಕ್ಲೀನ್. ಸ್ಟೀರಾಯ್ಡ್ ನುಂಗುವವರಲ್ಲಿ ಆ ಪರೀಕ್ಷೆ ಒಮ್ಮೊಮ್ಮೆ ಮೋಸ ಮಾಡುತ್ತದೆ ಎಂದು ಮೇಡಂ ಅವತ್ತೇ ಹೇಳಿದ್ದರು. ಅದಕ್ಕೇ ಬಾಯಿಂದ ಕೇಳುವುದು ಎಂದೂ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಇನ್ನು ಹಾವಿನ ವಿಷಯ.

ನಾಗನೂರ ನಮ್ಮ ಊರು. ನನಗೆ ಏಳು ವರ್ಷ, ಅಕ್ಕ ಶಾಂತಕ್ಕನಿಗೆ ಹದಿನಾಲ್ಕು. ಅವ್ವನನ್ನು ಊರ ಮನೆಯಿಂದ ತೋಟದ ಮನೆಗೆ ಕಳಿಸಿ ಎರಡು ವರ್ಷವಾಗುತ್ತ ಬಂದಿತ್ತು. ಬಸಿರು ಇಳಿದು ಸೊರಗಿದ್ದಾಳೆ, ಗಾಳಿ ಬದಲಾಗಲಿ ಎಂದು ಮಂದಿಗೆ ಹೇಳಿದ್ದರು. ಅಪ್ಪ ಎರಡು ಸಲ ಮಿರಜದ ದೊಡ್ಡ ದವಾಖಾನೆಗೆ ಕರೆದೊಯ್ದ. ಮೂರನೇ ಸಲ ಒಯ್ಯಲಿಲ್ಲ. ಅಕ್ಕ ಶಾಲೆ ಬಿಟ್ಟು ಅವಳ ಜೊತೆಗಿದ್ದಳು. ನಾನು ಊರಲ್ಲಿ ಅಪ್ಪನ ತಾಯಿಯ ಜೊತೆ. ಅವಳನ್ನು ಆಯಿ ಎನ್ನುತ್ತಿದ್ದೆವು. ಸೋಮವಾರಕ್ಕೊಮ್ಮೆ ಆಯಿಯ ಕೂಡ ತೋಟಕ್ಕೆ ಹೋಗುವುದು, ಹೊರಗಿನ ಕಟ್ಟೆಯ ಮೇಲೆ ಕೂಡುವುದು, ಒಳಗೆ ಹೋಗಬಾರದು. ನಾನು ಹೋಗುತ್ತಿದ್ದೆ. ದನದ ಕೊಟ್ಟಿಗೆಯ ಕಡೆಯಿಂದ ನುಸುಳಿ ಹೋಗಿ ಅವ್ವನ ಕೌದಿಯೊಳಗೆ ಸೇರುತ್ತಿದ್ದೆ. ಅವಳು ಬೈಯುತ್ತಿದ್ದಳು, ಆಮೇಲೆ ತಬ್ಬುತ್ತಿದ್ದಳು. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ತಾನೊಂದು ತುತ್ತು, ನನಗೊಂದು ತುತ್ತು. ಅಕ್ಕ ಬಂದು ಕಾಲು ಹಿಡಿದು ಎಳೆದೊಯ್ಯುತ್ತಿದ್ದಳು.

ಒಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿ ತೋಟಕ್ಕೆ ಕರೆದೊಯ್ದರು. ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಆಯಿ ಅವಳ ಬಲಗಾಲನ್ನು ತೋರಿಸಿ, ಬಂದವರೆಲ್ಲರಿಗೂ ಕೇಳುವಂತೆ, "ಕಬ್ಬಿನಾಗ ಹಾವು ಕಡದು ಹೋದ್ಲೋ ಯಪ್ಪಾ" ಎಂದು ಅತ್ತಳು. ನಾನು ನೋಡಿದೆ. ಹರಡಿನ ಮೇಲೆ ಎರಡು ಕಪ್ಪು ಚುಕ್ಕೆ.

ಕಣ್ಣಾರೆ ನೋಡಿದೆ. ಅದಕ್ಕೇ ಈ ಸುಳ್ಳು ನನ್ನೊಳಗೆ ಅಷ್ಟು ಸಲೀಸಾಗಿ ಬೇರು ಬಿಟ್ಟದ್ದು. ಅವ್ವ ಕೆಮ್ಮುತ್ತಿದ್ದದ್ದು ಗೊತ್ತಿತ್ತು, ಬಟ್ಟಲು ಬೇರೆ, ತಾಟು ಬೇರೆ ಇದ್ದದ್ದು ಗೊತ್ತಿತ್ತು, ಮಿರಜ ಗೊತ್ತಿತ್ತು. ಬೆಳೆದು ದೊಡ್ಡವನಾದ ಮೇಲೆ ಇವೆಲ್ಲ ಸೇರಿದರೆ ಏನು ಎಂದು ಯಾವ ದಡ್ಡನಿಗಾದರೂ ತಿಳಿಯುತ್ತದೆ. ನನಗೂ ತಿಳಿದಿತ್ತು. ಆದರೆ ಆ ಎರಡು ಚುಕ್ಕೆ ಅಡ್ಡ ನಿಲ್ಲುತ್ತಿದ್ದವು. ರೋಗ ಇತ್ತು, ಆದರೆ ಕೊಂದದ್ದು ಹಾವು ಎಂದು ನನ್ನಷ್ಟಕ್ಕೆ ನಾನು ರಾಜಿ ಮಾಡಿಕೊಂಡಿದ್ದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮ ಮನೆಯವರು ಒಂದೇ ಸುಳ್ಳಿನಲ್ಲಿ ನಾಲ್ಕು ಮದುವೆ ಮಾಡಿದರು: ಅಪ್ಪನ ಇಬ್ಬರು ತಂಗಿಯರದು, ಅಕ್ಕನದು, ನನ್ನದು. ಸುಳ್ಳು ಬರಬರುತ್ತಾ ಸಂಪ್ರದಾಯವೇ ಆಯಿತು. ನಾಗರ ಪಂಚಮಿಗೆ ಊರೆಲ್ಲ ಜೋಕಾಲಿ ಕಟ್ಟಿದರೆ ನಮ್ಮ ಮನೆಯಲ್ಲಿ ಕಟ್ಟುವುದಿಲ್ಲ. ಹಾಲು ಎರೆಯುವಾಗ ಎಲ್ಲರೂ ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದರೆ, ಅಕ್ಕ ಅವ್ವನ ಪಾಲು ಮಾತ್ರ ಎರೆಯುವುದಿಲ್ಲ. ತಾಯಿಯನ್ನು ತಿಂದದ್ದಕ್ಕೆ ತಾಯಿಯ ಪಾಲು ಯಾಕೆ? ಕಸ್ತೂರಿ ನಮ್ಮ ಮನೆಗೆ ಸೊಸೆಯಾಗಿ ಬಂದು ಇದನ್ನೇ ಕಲಿತಳು. ಮಕ್ಕಳಿಗೂ ಕಲಿಸಿದಳು.

ಸೂಜಿ ಶುರುವಾಯಿತು. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಕಸ್ತೂರಿಯೇ ಚುಚ್ಚುತ್ತಿದ್ದಳು. ನರ್ಸ್ ಒಮ್ಮೆ ತೋರಿಸಿಕೊಟ್ಟಿದ್ದರು. ನಾನು ಕಣ್ಣು ಮುಚ್ಚಿ ಔಷಧದ ಜೊತೆ ಹೊರಡುತ್ತಿದ್ದೆ. ಈಗ ಹೊಟ್ಟೆ ದಾಟಿತು. ಈಗ ಎದೆಗೆ ಬಂತು. ಈಗ ಹೆಗಲು ಇಳಿಯುತ್ತಿದೆ. ನಾಲ್ಕನೇ ದಿನ ಬೆರಳಿಗೆ ಬಂದಿರಬೇಕು. ಮೂರನೇ ಸೂಜಿಯ ಹೊತ್ತಿಗೆ ಮುಷ್ಟಿ ಮುಚ್ಚಿತು. ಅಯ್ಯೋ ಶಿವನೇ, ಆ ಖುಷಿ! ಗೇಟಿನ ಚಕ್ರ ಒಬ್ಬನೇ ತಿರುಗಿಸಿದೆ. ಬೇಕಿರದಿದ್ದರೂ ಇನ್ನೊಮ್ಮೆ ತಿರುಗಿಸಿದೆ. ಸ್ಟೀರಾಯ್ಡ್ ಗುಳಿಗೆಯನ್ನು ಮೇಡಂ ಹಂತಹಂತವಾಗಿ ಬಿಡಿಸಿದರು. ಕಸ್ತೂರಿ ಊರಿಗೆಲ್ಲ ಹೇಳಿಕೊಂಡು ಬಂದಳು.

ಏಳನೇ ಸೂಜಿಯ ನಂತರ ಸಂಜೆ ಜ್ವರ.

ಸಣ್ಣದು. ಐದು ಗಂಟೆಗೆ ಬರುವುದು, ಊಟದ ಹೊತ್ತಿಗೆ ಬೆವರಾಗಿ ಇಳಿಯುವುದು. ಅಂಗಿ ಹಿಂಡುವಷ್ಟು ಬೆವರು. ಅನ್ನ ಸೇರಲಿಲ್ಲ. ಹೋಳಿಗೆಯಂತಿದ್ದ ಮುಖ ಬತ್ತಿತು. ಕೆಮ್ಮು ಬಂತು. ಮೇಡಂ ಏನಾದರೂ ಜ್ವರ ಬಂದರೆ ಕೂಡಲೇ ಫೋನ್ ಮಾಡಿ ಎಂದಿದ್ದರು. ನಾನು ಮಾಡಲಿಲ್ಲ. ಸೂಜಿ ನಿಲ್ಲಿಸಿಬಿಟ್ಟರೆ? ಕೈ ಮತ್ತೆ ಹೋದರೆ? ಎರಡು ವಾರ ಮುಚ್ಚಿಟ್ಟೆ.

ಒಂದು ಸಂಜೆ ಹಿತ್ತಲಲ್ಲಿ ಕೂತು ಕೆಮ್ಮುತ್ತಿದ್ದೆ. ಮೂರು ಸಣ್ಣ ಕೆಮ್ಮು, ಒಂದು ಉದ್ದದ್ದು, ಕೊನೆಗೆ ಉಸಿರು ಸಿಗದೆ ಒಂದು ತೆಳ್ಳನೆಯ "ಯವ್ವಾ". ಕೆಮ್ಮಿ ಮುಗಿಸಿ ಗಾಬರಿಯಾಗಿ ಹಿಂದಕ್ಕೆ ತಿರುಗಿ ನೋಡಿದೆ.

ಅದು ನನ್ನ ಕೆಮ್ಮಲ್ಲ. ನಲವತ್ತಾರು ವರ್ಷದ ಹಿಂದೆ ಕೊಟ್ಟಿಗೆಯ ಗೋಡೆಯಾಚೆ ಕೇಳುತ್ತಿದ್ದ ಕೆಮ್ಮು. ಮರೆತೇಬಿಟ್ಟಿದ್ದೆ. ಅವಳ ಮುಖ ನೆನಪಿಲ್ಲ. ಒಂದು ಫೋಟೋ ಕೂಡ ಇಲ್ಲ. ಕೆಮ್ಮು ಮಾತ್ರ ಹೂಬೇಹೂಬ್ ಅದೇ. ಅವತ್ತು ನಾನು ಹೆದರಿದಷ್ಟು ಜೀವನದಲ್ಲಿ ಹೆದರಿಲ್ಲ. ಹಿತ್ತಲಲ್ಲಿ ಬೇರೆ ಯಾರೂ ಇರಲಿಲ್ಲ.

ಹುಕ್ಕೇರಿಯ ಸರಕಾರಿ ದವಾಖಾನೆಯಲ್ಲಿ ಕಫ ಕೊಟ್ಟೆವು. ಟಿ.ಬಿ.

ಸೂಜಿ ನಿಂತಿತು. ಆರು ತಿಂಗಳ ಗುಳಿಗೆ ಶುರುವಾಯಿತು. ಮೂತ್ರ ಕೇಸರಿ ಬಣ್ಣ, ಕಣ್ಣೀರೂ ಅದೇ ಬಣ್ಣ. ಕಸ್ತೂರಿಯನ್ನೂ ಪರೀಕ್ಷೆ ಮಾಡಿದರು. ಏನೂ ಇಲ್ಲ ಎಂದು ರಿಪೋರ್ಟ್ ಬಂದ ದಿನವೇ ನಾನು ಅವಳಿಗೆ ತೋಟದ ಮನೆಯ ಸುದ್ದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಇಪ್ಪತ್ತೆಂಟು ವರ್ಷ ಆತು ಬಂದು. ನನಗೂ ಹೇಳಲಿಲ್ಲ," ಎಂದಳು.

"ಕಾಲಾಗ ಗುರುತ ಇತ್ತ, ಕಸ್ತೂರಿ. ನಾ ನೋಡೇನಿ."

"ಡಾಕ್ಟರ್ ಕೇಳಿದಾಗ ನಾ ಬಾಜೂಕ ಕುಂತಿದ್ದೆ. ನಾ ಕುಂತೇನಿ ಅಂತ ಹಂಗ ಹೇಳಿದ್ರ್ಯಾ, ಇಲ್ಲಾ ನಿಮಗ ಹಂಗ ಅನಸ್ತಿತ್ತಾ?"

ಯಾವುದು ನಿಜ ಎಂದು ನನಗೆ ಈಗಲೂ ಗೊತ್ತಿಲ್ಲ. ಎರಡು ದಿನ ಅವಳು ಅಡುಗೆ ಮಾಡಿ ಮುಂದಿಟ್ಟು ಸುಮ್ಮನೆ ಹೋದಳು. ಮೂರನೇ ದಿನ ಗುಳಿಗೆಯ ಡಬ್ಬಿ ತಂದು ಕೈಗೆ ಕೊಟ್ಟು, "ನುಂಗ್ರಿ. ಸತ್ರ ಜಗಳಾ ಯಾರ ಕೂಡ ಮಾಡ್ಲಿ?" ಎಂದಳು.

ಗೋಕಾಕದ ಮೇಡಂ ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. "ಈ ಹುಳ ಅವಾಗಿಂದ ಅಂತ ಯಾರೂ ಖಚಿತ ಹೇಳಾಕ ಆಗಂಗಿಲ್ರಿ ಕಾಕಾ. ಈಗೂ ಹೊರಗಿಂದ ಬಂದಿರಬಹುದು. ಆದ್ರ ನೀವು ಹೇಳಿದ್ರ, ಟೆಸ್ಟ್ ಕ್ಲೀನ್ ಇದ್ರೂ ಮೊದಲ ಗುಳಿಗಿ ಕೊಟ್ಟು ಆಮ್ಯಾಲ ಸೂಜಿ ಹಾಕತಿದ್ದೆ," ಎಂದರಷ್ಟೇ.

ಹೊರಗಿನಿಂದ ಬಂದದ್ದಲ್ಲ. ನನಗೆ ಗೊತ್ತು. ಹಾಲು ರೊಟ್ಟಿಯ ಜೊತೆ, ಕೌದಿಯೊಳಗಿನ ಉಸಿರಿನ ಜೊತೆ ಬಂದದ್ದು. ನನ್ನ ಮೈ ಗೋಡೆ ಕಟ್ಟಿ ನಲವತ್ತಾರು ವರ್ಷ ಅವ್ವನನ್ನು ಕೂಡಿ ಹಾಕಿತ್ತು. ಅಪ್ಪ, ಆಯಿ ತೋಟದ ಮನೆಯಲ್ಲಿ ಕೂಡಿ ಹಾಕಿದ ಹಾಗೆಯೇ. ಮೇಡಂ ಕೇಳಿದಾಗ ನಾನು ಅವಳನ್ನು ಇಲ್ಲ ಎಂದೆ. ಔಷಧ ಹೋಗಿ ಅಗುಳಿ ತೆಗೆಯಿತು. ಗುಳಿಗೆ ನುಂಗುವಾಗೆಲ್ಲ ನಾನು ಅವಳನ್ನು ಮತ್ತೊಮ್ಮೆ ಸಾಯಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಇದನ್ನು ಯಾವ ಡಾಕ್ಟರಿಗೆ ಹೇಳುವುದು? ಕೆಮ್ಮು ಕಡಿಮೆಯಾದ ದಿನ ಸಂತೋಷಪಡುವ ಬದಲು ಹಿತ್ತಲಲ್ಲಿ ಕೂತು ಕಿವಿಗೊಟ್ಟು ಕಾದೆ. ನಾಚಿಕೆಯಾಗುತ್ತದೆ ಬರೆಯಲು, ಆದರೆ ಕಾದೆ.

ಎರಡನೇ ತಿಂಗಳು ಮುಗಿದು, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಹೇಳಿದ ಮೇಲೆ ಅಕ್ಕ ನೋಡಲು ಬಂದಳು. ಮೂಡಲಗಿ ಅವಳ ಗಂಡನ ಮನೆ. ಅರವತ್ತು ವರ್ಷ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅವಳ ಮುಖ ನೋಡಲಿಲ್ಲ. ಸೆರಗು ಹಿಡಿದ ಬೆರಳು ನೋಡಿದೆ. ಅದೇ ಗೆಣ್ಣು. ಅದೇ ಊತ.

"ಯಾವಾಗಿಂದ ಅಕ್ಕಾ?"

"ಆತು ಎರಡು ವರ್ಷ. ಎಲ್ಲಾರಿಗೂ ವಯಸ್ಸಾಗತೈತಿ," ಎಂದಳು. ಮಗ ಗೋಕಾಕಕ್ಕೆ ಕರೆದೊಯ್ದಿದ್ದನಂತೆ. ಅದೇ ಮೇಡಂ. ನನ್ನಂತೆಯೇ ಬಿಳಿ ಗುಳಿಗೆ ನುಂಗಿದ್ದಾಳೆ, ನನ್ನಂತೆಯೇ ಪರೀಕ್ಷೆ ಕ್ಲೀನ್ ಬಂದಿದೆ. ಮುಂದಿನ ವಾರ ಹೊಟ್ಟೆಗೆ ಮೊದಲ ಸೂಜಿ. ನಾನು ಅವಳ ತಮ್ಮನೆಂದು ಮೇಡಂಗೆ ಗೊತ್ತಿಲ್ಲ; ಅಡ್ಡಹೆಸರು ಬೇರೆ, ಊರು ಬೇರೆ, ಅಕ್ಕನೂ ಹೇಳಿಲ್ಲ.

"ಅವ್ವಂದು ಕೇಳಿದ್ರೇನು?"

"ಕೇಳಿದ್ರು."

"ಏನ್ ಹೇಳಿದಿ?"

ಅಕ್ಕ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹೇಳಬೇಕಾಗಿಯೂ ಇರಲಿಲ್ಲ.

ನಾನು ರೇಗಿದೆ. ರೋಗ ನನ್ನ ಕೈಯನ್ನು ತಿಂದಿದೆ, ಸಿಟ್ಟನ್ನು ತಿಂದಿಲ್ಲ. "ನನ್ನ ನೋಡ! ಎದಿ ಎಲುಬು ಎಣಿಸು! ನೀ ಎರಡು ವರ್ಷ ಆಕಿ ಬಾಜೂಕ ಮಲಗಿದಾಕಿ. ನನಗಿಂತ ನಿನ್ನ ಮೈಯಾಗ ಹೆಚ್ಚಿರತೈತಿ. ಆ ಸೂಜಿ ಬಿತ್ತಂದ್ರ ಸಾಯ್ತಿ ಅಕ್ಕಾ, ಸಾಯ್ತಿ!"

"ಮೆಲ್ಲಕ ಮಾತಾಡು," ಎಂದಳು. "ಮೊಮ್ಮಗಳದು ಹುಕ್ಕೇರಿ ಕಡೆ ನಿಶ್ಚಯ ಐತಿ. ಟಿ.ಬಿ. ಮನೆತನ ಅಂತ ಸುದ್ದಿ ಹೋತಂದ್ರ ಏನ್ ಮಾಡ್ಲಿ? ಸಾಯೋದಿದ್ರ ಲಗ್ನಾ ನೋಡಿ ಸಾಯ್ತೇನಿ."

ಐದನೇ ಮದುವೆ. ಆ ಸುಳ್ಳಿಗೆ ಇನ್ನೂ ಹಸಿವು ಹೋಗಿರಲಿಲ್ಲ.

ಕಸ್ತೂರಿ ಚಹಾ ತಂದಿಟ್ಟು, "ಅಕ್ಕಾರ, ಈಗ ಅದು ಔಷಧ ಇರೋ ರೋಗ. ಆರು ತಿಂಗಳ ಗುಳಿಗಿ," ಎಂದಳು. ಅಕ್ಕ ಚಹಾ ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೊರಟುಬಿಟ್ಟಳು. ಹೊರಡುವಾಗ ಹೇಳಿದ್ದು ಒಂದೇ ಮಾತು: "ಅವತ್ತ ನೀ ದವಾಖಾನಿಗೆ ಬಂದ್ರ ನಾ ನಿನ್ನ ಮಾರಿ ನೋಡಂಗಿಲ್ಲ."

ಹೋದೆ. ಹೋಗದೆ ಇರುವುದು ಹೇಗೆ? ಅವಳು ಹೇಳದಿದ್ದರೆ ನಾನೇ ಹೇಳುವುದು ಎಂದು ನಿಶ್ಚಯಿಸಿಕೊಂಡು ಹೋದೆ. ಅವಳು ಈ ಜನ್ಮದಲ್ಲಿ ಮಾತಾಡಿಸದಿದ್ದರೂ ಸರಿ, ಬದುಕಿದ್ದು ಮಾತು ಬಿಡಲಿ. ಗೋಕಾಕದ ಆ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತೆ. ಅವಳು ಗೋಡೆ ನೋಡುತ್ತಿದ್ದಳು. ಮಗ ಔಷಧ ತರಲು ಕೆಳಗೆ ಹೋಗಿದ್ದ. ಹೆಸರು ಕೂಗಿದರು. ನಾನೂ ಹಿಂದೆಯೇ ಒಳಗೆ ಹೋದೆ.

ಮೇಡಂ ಇಬ್ಬರನ್ನೂ ನೋಡಿದರು. ನನ್ನ ಗುರುತು ಹಿಡಿದರು. "ಕಾಕಾ, ನೀವು ಇವರ ಕೂಡ?"

"ನಮ್ಮಕ್ಕ ರಿ," ಎಂದೆ.

ಮೇಡಂ ಕೈಯಲ್ಲಿದ್ದ ಪೆನ್ ಅಲ್ಲೇ ನಿಂತಿತು. ಅವರಿಗೆ ಅಷ್ಟೇ ಸಾಕಾಗಿತ್ತು. ಆದರೂ ಅವರು ನನ್ನನ್ನು ಕೇಳಲಿಲ್ಲ. ಅಕ್ಕನ ಕಡೆ ತಿರುಗಿ, ಮೆತ್ತಗೆ, "ಅವ್ವಾರ, ಇನ್ನೊಮ್ಮೆ ಕೇಳತೇನಿ," ಎಂದರು.

ನಾನು ಬಾಯಿ ತೆರೆದೆ. ಅಕ್ಕ ಸೊಟ್ಟಗಾದ ಕೈ ಎತ್ತಿದಳು.

"ನೀ ಸುಮ್ಕಿರು. ನಾ ಹೇಳತೇನಿ." ಅವಳು ಮೇಡಂ ಮುಖ ನೋಡಲಿಲ್ಲ, ಮೇಜಿನ ಅಂಚು ನೋಡುತ್ತಾ ಹೇಳಿದಳು: "ಹಾವು ಕಡದಿದ್ದಿಲ್ರಿ. ನಮ್ಮವ್ವಗ ಟಿ.ಬಿ. ಇತ್ತು. ಎರಡು ವರ್ಷ ನಾನ ನೋಡ್ಕೊಂಡೇನಿ. ಕಫದ ಬಟ್ಟಲಾ ನಾನ ತೊಳದೇನಿ."

ಸಾಕಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ನಾನೇ ತಡೆಯಲಾರದೆ ಬಾಯಿ ಹಾಕಿದೆ. ಯಾಕೋ ಏಳು ವರ್ಷದ ಹುಡುಗನಂತೆ ಜಗಳಕ್ಕೇ ನಿಂತೆ. "ಕಾಲಾಗ ಗುರುತ ಇತ್ತಲ್ಲ ಅಕ್ಕಾ? ಎರಡು ಚುಕ್ಕಿ. ನಾ ನೋಡೇನಿ!"

ಅವಳು ಆಗ ನನ್ನ ಕಡೆ ತಿರುಗಿದಳು.

"ಅದು ದಬ್ಬಣ, ತಮ್ಮಾ."

ಗೋಣಿಚೀಲ ಹೊಲಿಯುವ ದಬ್ಬಣ.

"ನಾನ ಚುಚ್ಚಿದ್ನಿ. ಅವ್ವನ ಹೇಳಿದ್ಲು. ಸಾಯೋ ಎರಡು ದಿನ ಮೊದಲ ಕರದು ಹೇಳಿದ್ಲು. 'ಮೈ ತೊಳ್ಯಾಕ ಮಂದಿ ಬರತಾರ. ಅವರು ಬರೂದ್ರೊಳಗ ಕಾಲಿಗೆ ಎರಡು ಕಡೆ ಚುಚ್ಚು. ಹಾವು ಕಡೀತು ಅನ್ರಿ. ಇಲ್ಲಂದ್ರ ನಿನ್ನ ಯಾರೂ ಮಾಡ್ಕೊಳ್ಳಂಗಿಲ್ಲ. ನಿಮ್ಮ ಆಯಿ ಕೈ ನಡಗತಾವ, ನೀನ ಚುಚ್ಚು' ಅಂದ್ಲು. ಚುಚ್ಚಿದ್ನಿ. ರಕ್ತ ಬರಲಿಲ್ಲ. ಬರಂಗಿಲ್ಲ ಅಂತ ನನಗ ಗೊತ್ತಿದ್ದಿಲ್ಲ. ಅದಕ ಒಲಿ ಮಸಿ ತಂದು ಹಚ್ಚಿದ್ನಿ."

ಹೊರಗೆ ಮುಂದಿನವರ ಹೆಸರು ಕೂಗಿದ್ದು ಕೇಳಿಸಿತು. ನಾನು ನಲವತ್ತಾರು ವರ್ಷ ಆಯಿಯನ್ನು ಬೈದಿದ್ದೆ, ಅಪ್ಪನನ್ನು ಬೈದಿದ್ದೆ, ಒಳಗೊಳಗೇ. ಈ ಹದಿನಾಲ್ಕು ವರ್ಷದ ಹುಡುಗಿಯನ್ನು ಒಮ್ಮೆಯೂ ನೆನೆಯಲಿಲ್ಲ. ಅವಳ ಕೈ ಹಿಡಿಯಬೇಕು ಅನ್ನಿಸಿತು. ಹಿಡಿದರೆ ಅವಳಿಗೂ ನೋಯುತ್ತದೆ, ನನಗೂ ನೋಯುತ್ತದೆ. ಆದರೂ ಹಿಡಿದೆ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇವತ್ತ ಸೂಜಿ ಬ್ಯಾಡ್ರಿ ಅವ್ವಾರ. ಮೊದಲ ಒಂದಿಷ್ಟು ತಿಂಗಳ ಗುಳಿಗಿ ತಗೋರಿ, ಮಲಗಿದ ಹುಳ ಮಲಗಿದಲ್ಲೇ ಸಾಯ್ಲಿ. ಆಮ್ಯಾಲ ಕೈ ನೋಡೂನು," ಎಂದರು. ಫೈಲು ಎಳೆದುಕೊಂಡು ಮೊದಲ ಪುಟಕ್ಕೆ ಹೋಗಿ, ಅಲ್ಲಿದ್ದ ಹಳೆಯ ಸಾಲನ್ನು ಹೊಡೆದುಹಾಕಿ ಬರೆಯತೊಡಗಿದರು.

"ಏನ್ ಬರದ್ರಿ?" ಅಕ್ಕ ಕೇಳಿದಳು.

"ತಾಯಿಗೆ ಟಿ.ಬಿ. ಇತ್ತು ಅಂತ."

"ಹೆಸರ ಬರೀರಿ."

"ಹೆಸರ ಬೇಕಾಗಂಗಿಲ್ರಿ, ಅವ್ವಾರ."

"ಬರೀರಿ. ನೀಲವ್ವ."

ಮೇಡಂ ಬರೆದರು. ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಅದು ಓದಲು ಬಾರದು. ಫೈಲನ್ನು ನನ್ನ ಕಡೆ ನೂಕಿ "ಓದು" ಎಂದಳು. ನಾನು ಗಟ್ಟಿಯಾಗಿ ಓದಿದೆ. ತಾಯಿ, ನೀಲವ್ವ, ಟಿ.ಬಿ.ಯಿಂದ ಮರಣ. ಈ ಮೂರನ್ನೂ ಒಟ್ಟಿಗೆ ಹೇಳಿದ ದನಿಯನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ನನ್ನ ದನಿ ಒಡೆಯಿತು. ಅಕ್ಕನ ದನಿ ಒಡೆಯಲಿಲ್ಲ.

ನನ್ನ ಗುಳಿಗೆ ಇನ್ನೂ ಎರಡು ತಿಂಗಳಿವೆ. ಗೆಣ್ಣುಗಳು ಮತ್ತೆ ಊದಿವೆ. ಬೇರೆ ಜಾತಿಯ ಔಷಧ ನೋಡೋಣ ಎಂದಿದ್ದಾರೆ ಮೇಡಂ, ನೋಡಬೇಕು. ಹುಕ್ಕೇರಿಯವರಿಗೆ ಸುದ್ದಿಯನ್ನು ಅಕ್ಕ ತಾನೇ ಹೋಗಿ ಹೇಳಿ ಬಂದಳು. ಅವರು ಇನ್ನೂ ಹೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಈ ಬರಹವನ್ನು ಅವಳನ್ನು ಕೇಳಿಯೇ ಬರೆದಿದ್ದೇನೆ.

ಅವತ್ತು ನಾನು ಓದಿ ಮುಗಿಸಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಆ ಕಾಗದವನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮೇಡಂಗೆ ಹೇಳಿದಳು:

"ಹಾಂ. ಈಗ ಗುಳಿಗಿ ಬರದು ಕೊಡ್ರಿ."